ಒಂದು ಗಂಟೆಯ ದೂರ ಯಾರಿಗೆ?

ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದ ಕಾಲದಲ್ಲಿ ಕರಿಹಲಗೆಯ ಮೇಲೆ ನಾವು ಪದೇ ಪದೇ ಬರೆಯುತ್ತಿದ್ದ ಪ್ರಶ್ನೆಯೊಂದಿತ್ತು. ಈ ಊರಿನಿಂದ ಆ ಊರಿಗೆ ಇಷ್ಟು ದೂರ, ಗಾಡಿಯ ವೇಗ ಗಂಟೆಗೆ ಇಷ್ಟು, ಹಾಗಾದರೆ ತಗಲುವ ಕಾಲವೆಷ್ಟು? ದೂರವನ್ನು ವೇಗದಿಂದ ಭಾಗಿಸಿದರೆ ಉತ್ತರ ಬರುತ್ತಿತ್ತು. ಹುಡುಗರು ಸ್ಲೇಟು ಎತ್ತಿ ಹಿಡಿಯುತ್ತಿದ್ದರು, ನಾವು ಸರಿ ಗುರುತು ಹಾಕುತ್ತಿದ್ದೆವು. ಶಾಲೆ ಬಿಟ್ಟು ಪಕ್ಷದ ಕೆಲಸಕ್ಕೆ ಬಂದ ಮೇಲೆ, ಆ ಉತ್ತರ ಅರ್ಧ ಮಾತ್ರ ಸರಿಯೆಂಬುದು ನಮಗೆ ತಿಳಿದಿದೆ. ಗಾಡಿಯೊಳಗೆ ಕುಳಿತವನು ಯಾರು, ಅವನ ಜೇಬಿನಲ್ಲಿ ಎಷ್ಟಿದೆ ಎಂದು ನಮ್ಮ ಪ್ರಶ್ನೆ ಕೇಳಿಯೇ ಇರಲಿಲ್ಲ.

ಹುಬ್ಬಳ್ಳಿ ಈಗ ಬೆಂಗಳೂರಿಗೆ ಒಂದು ಗಂಟೆಯ ದೂರ ಎಂಬ ಮಾತು ಭಾಷಣಗಳಲ್ಲಿಯೂ ಜಾಹೀರಾತುಗಳಲ್ಲಿಯೂ ಕೇಳಿಬರುತ್ತದೆ. ಈ ಎರಡು ನಗರಗಳ ನಡುವಿನ ದಾರಿಯಲ್ಲಿಯೇ ನಮ್ಮ ದಾವಣಗೆರೆ ಇದೆ. ವಿಮಾನ ನಮ್ಮ ಆಸುಪಾಸಿನ ಆಕಾಶದಲ್ಲಿ ಹಾದುಹೋಗುತ್ತದೆ, ನಾವು ತಲೆ ಎತ್ತಿ ನೋಡುತ್ತೇವೆ. ಆದ್ದರಿಂದ ಆ ಒಂದು ಗಂಟೆ ಎಲ್ಲಿಂದ ಬಂತು, ಅದು ಯಾರ ಪಾಲಿಗೆ ಸೇರಿತು ಎಂದು ಲೆಕ್ಕ ಕೇಳುವ ಹಕ್ಕು ನಮಗುಂಟು.

ಮೊದಲು ದೂರವನ್ನು ನೋಡೋಣ. ಇದೇ ಎರಡು ನಗರಗಳಿಗೆ ಮೂರು ಬೇರೆ ಬೇರೆ ದೂರಗಳಿವೆ. ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ರಾಣೆಬೆನ್ನೂರು, ಹಾವೇರಿಗಳ ಮೇಲೆ ಹೋಗುವ ಹೆದ್ದಾರಿಯಲ್ಲಿ ಸುಮಾರು 410 ಕಿಲೋಮೀಟರು. ತಿಪಟೂರು, ಅರಸೀಕೆರೆ, ಬೀರೂರುಗಳ ಕಡೆಗೆ ಬಳಸಿ ಬರುವ ರೈಲು ಹಾದಿಯಲ್ಲಿ 469 ಕಿಲೋಮೀಟರು. ಆಕಾಶದಲ್ಲಿ, ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ನೇರ ಗೆರೆ ಎಳೆದರೆ, ಸುಮಾರು 370 ಕಿಲೋಮೀಟರು ಮಾತ್ರ. ವಿಮಾನ ನಡೆಸುವವರು ಲೆಕ್ಕ ಹಾಕುವುದು ನಾವಿಕ ಮೈಲಿಯಲ್ಲಿ. ಒಂದು ನಾವಿಕ ಮೈಲಿಯೆಂದರೆ 1.852 ಕಿಲೋಮೀಟರು, ಆದುದರಿಂದ ಅವರಿಗಿದು ಇನ್ನೂರು ಮೈಲಿಯ ಹಾರಾಟ. ಹೀಗೆ ರೈಲಿನಲ್ಲಿ ಹೋಗುವ ಬಡವನು ವಿಮಾನದಲ್ಲಿ ಹೋಗುವ ಉಳ್ಳವನಿಗಿಂತ ಸುಮಾರು ನೂರು ಕಿಲೋಮೀಟರು ಹೆಚ್ಚು ಪ್ರಯಾಣ ಮಾಡುತ್ತಾನೆ. ಊರುಗಳು ಇದ್ದಲ್ಲಿಯೇ ಇವೆ, ದೂರ ಮಾತ್ರ ಮನುಷ್ಯನ ಅಂತಸ್ತು ನೋಡಿ ಉದ್ದವಾಗುತ್ತದೆ.

ಇನ್ನು ಕಾಲ. ಇಂಥ ಹತ್ತಿರದ ಹಾದಿಗಳಲ್ಲಿ ಓಡಾಡುವ ಎಟಿಆರ್ ಜಾತಿಯ ರೆಕ್ಕೆಪಂಖದ ವಿಮಾನ ಗಂಟೆಗೆ ಸುಮಾರು 500 ಕಿಲೋಮೀಟರು ಹಾರುತ್ತದೆ. 370ನ್ನು 500ರಿಂದ ಭಾಗಿಸಿದರೆ ಮುಕ್ಕಾಲು ಗಂಟೆಯೂ ಆಗದು. ಆದರೆ ವೇಳಾಪಟ್ಟಿಯಲ್ಲಿ ಬರೆಯುವುದು ಒಂದು ಗಂಟೆ ಅಥವಾ ಒಂದೂಕಾಲು ಗಂಟೆ. ನಿಂತ ಜಾಗ ಬಿಟ್ಟು ಓಟದ ಹಾದಿಗೆ ಹೋಗುವುದು, ಸರದಿಗೆ ಕಾಯುವುದು, ಮೇಲೇರುವುದು, ಇಳಿಯಲು ಅಪ್ಪಣೆ ಪಡೆದು ಸುತ್ತಿ ಬರುವುದು, ಎಲ್ಲವೂ ಅದರಲ್ಲಿ ಸೇರಿರುತ್ತದೆ. ಹೀಗಿರುವುದರಿಂದ ಇಂಥ ಸಣ್ಣ ಹಾದಿಯಲ್ಲಿ ದೊಡ್ಡ ಜೆಟ್ ವಿಮಾನ ತಂದರೂ ಹೆಚ್ಚೇನೂ ಉಳಿಯುವುದಿಲ್ಲ. ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ.

ಈಗ ಮನೆಯ ಬಾಗಿಲಿನ ಲೆಕ್ಕ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ನಗರದೊಳಗೆ ಇತ್ತು. 2008ರ ಮೇ ತಿಂಗಳಿನಿಂದ ದೇವನಹಳ್ಳಿಯ ಹೊಸ ನಿಲ್ದಾಣ ನಡೆಯುತ್ತಿದೆ, ಮೆಜೆಸ್ಟಿಕ್ಕಿನಿಂದ ಅಲ್ಲಿಗೆ ಸುಮಾರು 35 ಕಿಲೋಮೀಟರು. ಬೆಂಗಳೂರಿನ ವಾಹನ ಸಂದಣಿಯಲ್ಲಿ ಅದಕ್ಕೆ ಒಂದೂಕಾಲು ಗಂಟೆಯೆನ್ನಿ. ತಪಾಸಣೆಗೆ, ಸಾಮಾನು ಒಪ್ಪಿಸುವುದಕ್ಕೆ, ಬಾಗಿಲು ಮುಚ್ಚುವ ಮುನ್ನ ಒಳಗಿರುವುದಕ್ಕೆ ಒಂದೂವರೆ ಗಂಟೆ. ಹಾರಾಟ ಒಂದು ಗಂಟೆ ಹತ್ತು ನಿಮಿಷ. ಇಳಿದು ಸಾಮಾನು ಹಿಡಿದು ಹೊರಬರಲು ಇಪ್ಪತ್ತೈದು ನಿಮಿಷ, ಗೋಕುಲ ರಸ್ತೆಯಿಂದ ಪೇಟೆಗೆ ಮತ್ತೆ ಇಪ್ಪತ್ತೈದು. ಒಟ್ಟು ಕೂಡಿಸಿ: ನಾಲ್ಕೂಮುಕ್ಕಾಲು ಗಂಟೆ. ಒಂದು ಗಂಟೆಯ ದೂರ ಹೀಗೆ ನಾಲ್ಕೂಮುಕ್ಕಾಲು ಗಂಟೆಯಾಯಿತು.

ರೈಲಿನ ಲೆಕ್ಕವನ್ನೂ ಅಷ್ಟೇ ನಿಷ್ಠುರವಾಗಿ ಮಾಡಬೇಕು. 2023ರ ಜೂನ್ 27ರಂದು ಧಾರವಾಡ–ಬೆಂಗಳೂರು ನಡುವೆ ವಂದೇ ಭಾರತ್ ಗಾಡಿ ಆರಂಭವಾಯಿತು. ಅದು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು ಆರು ಗಂಟೆಯಲ್ಲಿ ತಲುಪುವಂತೆ ಮಾಡಿದರು. ಅರ್ಧ ಗಂಟೆ ಮೊದಲು ನಿಲ್ದಾಣಕ್ಕೆ ಬಂದರೂ ಆರೂವರೆ ಗಂಟೆ. ರೈಲು ನಿಲ್ದಾಣ ಎರಡೂ ಕಡೆ ಊರ ನಡುವೆಯೇ ಇದೆ. ಅಂದ ಮೇಲೆ ಆಕಾಶಮಾರ್ಗದ ನಿಜವಾದ ಉಳಿತಾಯ ಎರಡು ಗಂಟೆಗೂ ಕಡಿಮೆ. ನೆಲದ ಮೇಲೆ ಒಳ್ಳೆಯ ಹಳಿಯೂ ಒಳ್ಳೆಯ ಗಾಡಿಯೂ ಇದ್ದರೆ ಆಕಾಶವನ್ನು ಎಷ್ಟು ಹತ್ತಿರದಲ್ಲಿ ಹಿಂಬಾಲಿಸಬಹುದು ಎಂಬುದಕ್ಕೆ ಇದೇ ಸಾಕ್ಷಿ. ಒಂದು ಕಾಲದಲ್ಲಿ ಇದೇ ಹಾದಿ ಮೀಟರ್‌ಗೇಜ್ ಆಗಿತ್ತು. 1990ರ ದಶಕದಲ್ಲಿ ಅಗಲವಾಯಿತು, ಆಮೇಲೆ ಜೋಡಿ ಹಳಿ ಬಂತು, ವಿದ್ಯುತ್ ಬಂತು. ಕೂಲಿಕಾರರ ಬೆವರೂ ಸಾರ್ವಜನಿಕರ ತೆರಿಗೆಯೂ ಸೇರಿ ಈ ಎರಡು ಗಂಟೆಯನ್ನು ಗಳಿಸಿಕೊಟ್ಟಿವೆ.

ಆದರೆ ಗಳಿಸಿದ್ದನ್ನು ಹಂಚಿದ್ದು ಹೇಗೆ? ವಂದೇ ಭಾರತ್ ಗಾಡಿಯಲ್ಲಿ ಎಲ್ಲವೂ ಹವಾನಿಯಂತ್ರಿತ ಆಸನ, ಎಲ್ಲವೂ ಮುಂಗಡ ಕಾಯ್ದಿರಿಸಿದ್ದು. ಸಾಮಾನ್ಯ ಡಬ್ಬಿ ಒಂದೂ ಇಲ್ಲ. ಹಳಿ ಎಲ್ಲರದು, ವೇಗ ಕೆಲವರದು! ಇತ್ತ ಸಾಮಾನ್ಯ ಗಾಡಿಗಳು ಅದೇ ಹಳಿಯ ಮೇಲೆ ಏಳೂವರೆ, ಎಂಟು ಗಂಟೆ ತೆಗೆದುಕೊಳ್ಳುತ್ತವೆ. ಅವುಗಳಲ್ಲಿ ಕಾಯ್ದಿರಿಸದವರಿಗೆಂದು ಜೋಡಿಸುವುದು ಮುಂದೊಂದೆರಡು, ಹಿಂದೊಂದೆರಡು ಡಬ್ಬಿ.

ಸ್ವಲ್ಪ ದಿನಗಳ ಹಿಂದೆ ನಾವೂ ಒಂದು ರಾತ್ರಿ ಗಾಡಿಯ ಅಂಥ ಡಬ್ಬಿಯಲ್ಲಿ ಬೆಂಗಳೂರಿಗೆ ಹೋದೆವು. ಬಾಗಿಲ ಬಳಿ ಗಿರಣಿಯ ಕೆಲಸಗಾರರೊಬ್ಬರು ತಮ್ಮ ಹೆಂಡತಿಯನ್ನು ಚೀಲದ ಮೇಲೆ ಕೂರಿಸಿ, ತಾವು ಒಂದು ಕಾಲಿನ ಮೇಲೆ ನಿಂತಿದ್ದರು. ಆಕೆಗೆ ದೊಡ್ಡಾಸ್ಪತ್ರೆಯಲ್ಲಿ ಬೆಳಗಿನ ಚೀಟಿ. "ಕುಂತ್ಕೊಳ್ಳಾಕ ಜಾಗ ಸಿಕ್ರ ಸಾಕಿತ್ತು ಮಾಸ್ತರ, ಹೊತ್ತಾದ್ರೂ ಚಿಂತಿಲ್ಲ" ಎಂದರು. ಬೆಳಗಾಗುವ ತನಕ ಆ ಮಾತು ನಮ್ಮನ್ನು ನಿದ್ದೆ ಮಾಡಗೊಡಲಿಲ್ಲ. ಅವರು ವೇಗವನ್ನು ಕೇಳಲಿಲ್ಲ, ವಿಮಾನವನ್ನು ಕೇಳಲಿಲ್ಲ. ಕಾಯಿಲೆಯ ಮನುಷ್ಯನಿಗೆ ಬೆನ್ನು ಆನಿಸಲು ಒಂದು ಹಲಗೆ ಕೇಳಿದರು. ಎಟಿಆರ್ ವಿಮಾನದಲ್ಲಿ ಎಪ್ಪತ್ತರಷ್ಟು ಜನಕ್ಕೆ ಜಾಗವಿದೆ. ರೈಲಿನ ಒಂದೇ ಒಂದು ಸಾಮಾನ್ಯ ಡಬ್ಬಿಯಲ್ಲಿ ತೊಂಬತ್ತರಿಂದ ನೂರು ಜನ ಕೂರಬಹುದು. ಒಂದು ವಿಮಾನಕ್ಕಿಂತ ಒಂದು ಡಬ್ಬಿ ದೊಡ್ಡದು ಎಂಬ ಸಾದಾ ಸಂಗತಿ ಯೋಜನೆ ಹಾಕುವವರ ತಲೆಗೆ ಹೋಗಬೇಕಾಗಿದೆ.

ವಿಮಾನವನ್ನು ನಾವು ದ್ವೇಷಿಸುವವರಲ್ಲ. ಯಂತ್ರಕ್ಕೆ ಜಾತಿಯಿಲ್ಲ. ಜೀವ ಉಳಿಸಬೇಕಾದ ಹೊತ್ತಿನಲ್ಲಿ ಒಂದು ಗಂಟೆ ಚಿನ್ನಕ್ಕಿಂತ ಹೆಚ್ಚು. ಕನ್ನಡ ನಾಡಿನವರೇ ಆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ಬೆಂಗಳೂರು–ಹುಬ್ಬಳ್ಳಿ ಅದರ ಮೊದಲ ಹಾದಿಗಳಲ್ಲೊಂದು. ಒಂದು ರೂಪಾಯಿಯ ಟಿಕೆಟ್ಟನ್ನೂ ಮಾರಿ, ಸಾಮಾನ್ಯನೂ ಹಾರಬಹುದೆಂಬ ಆಸೆ ಹುಟ್ಟಿಸಿದರು. ಆದರೆ ಏನಾಯಿತು? ಆ ಕಂಪನಿ ಇನ್ನೊಂದು ಕಂಪನಿಯ ಕೈಸೇರಿತು, ಹೆಸರು ಬದಲಾಯಿತು, ಕೊಂಡ ಕಂಪನಿಯೂ 2012ರಲ್ಲಿ ನೆಲಕ್ಕಿಳಿಯಿತು. ಸಂಬಳ ಸಿಗದ ನೌಕರರು ಬೀದಿಗೆ ಬಂದರು. ಒಬ್ಬನ ಉತ್ಸಾಹದ ಮೇಲೆ, ಇನ್ನೊಬ್ಬನ ಸಾಲದ ಮೇಲೆ ಕಟ್ಟಿದ ಅಗ್ಗದ ಪ್ರಯಾಣ ಹೆಚ್ಚು ಕಾಲ ಬಾಳಲಿಲ್ಲ.

ಬಳಿಕ ಸರಕಾರವೇ 2016ರಲ್ಲಿ ಉಡಾನ್ ಯೋಜನೆ ಹೊರಡಿಸಿತು. ಹವಾಯಿ ಚಪ್ಪಲಿ ಹಾಕಿದವನೂ ವಿಮಾನ ಹತ್ತಬೇಕೆಂದು ಪ್ರಧಾನಿಗಳು ಹೇಳಿದರು. ಒಂದು ಗಂಟೆಯ ಹಾರಾಟಕ್ಕೆ, ಕೆಲವು ಸೀಟುಗಳಿಗೆ, 2,500 ರೂಪಾಯಿಯ ಮಿತಿ ಹಾಕಿ, ಕಂಪನಿಗಳಿಗೆ ಆಗುವ ನಷ್ಟವನ್ನು ತುಂಬಿಕೊಡುವ ಏರ್ಪಾಟು ಮಾಡಿದರು. ಉದ್ದೇಶ ಒಳ್ಳೆಯದೇ. ಆದರೆ 2023ರಲ್ಲಿ ದೇಶದ ಮಹಾಲೇಖಪಾಲರು ಕೊಟ್ಟ ವರದಿಯ ಅಂಕಿಗಳನ್ನು ವ್ಯಾಪಾರಿ ಬಂಧುಗಳು ತಮ್ಮ ಖಾತೆ ಪುಸ್ತಕದಂತೆ ಓದಿ ನೋಡಲಿ. ಮೊದಲ ಮೂರು ಸುತ್ತುಗಳಲ್ಲಿ ಕೊಟ್ಟ ಹಾದಿಗಳು 774. ಆರಂಭವೇ ಆಗದವು 403. ಆರಂಭವಾದ 371ರಲ್ಲಿ ಮೂರು ವರ್ಷದ ರಿಯಾಯಿತಿ ಅವಧಿ ಪೂರೈಸಿದವು 112. ಆ ಅವಧಿ ಮುಗಿದ ಮೇಲೂ 2023ರ ಮಾರ್ಚ್ ವೇಳೆಗೆ ಬದುಕಿದ್ದವು 54. ನೂರಕ್ಕೆ ಏಳು! ನೂರು ಅಂಗಡಿಗೆ ಲೈಸೆನ್ಸು ಕೊಟ್ಟು ಏಳು ಅಂಗಡಿ ಉಳಿದರೆ, ಅದನ್ನು ಪೇಟೆಯೆನ್ನುವುದಿಲ್ಲ, ಜಾತ್ರೆಯೆನ್ನುತ್ತಾರೆ.

ಟಿಕೆಟ್ಟಿನ ದರದ ಮಾತನ್ನೂ ವ್ಯಾಪಾರಿಗಳ ಮುಂದೆಯೇ ಇಡುತ್ತೇವೆ. ಬೆಳಿಗ್ಗೆ ಒಂದು ದರ, ಸಂಜೆ ಒಂದು ದರ. ದೀಪಾವಳಿ ಬಂದರೆ, ಯುಗಾದಿ ಬಂದರೆ, ಎರಡರಷ್ಟು ಮೂರರಷ್ಟು. ಕಿರಾಣಿ ಅಂಗಡಿಯವನು ಗಿರಾಕಿಯ ಗರಜು ನೋಡಿ ಗಂಟೆಗೊಮ್ಮೆ ಈರುಳ್ಳಿ ದರ ಏರಿಸಿದರೆ ಅವನಿಗೆ ಕಾಳಸಂತೆಯವನೆಂಬ ಹೆಸರು. ವಿಮಾನ ಕಂಪನಿ ಮಾಡಿದರೆ ಅದಕ್ಕೆ ವ್ಯವಹಾರ ಶಾಸ್ತ್ರವೆಂಬ ಹೆಸರು. ದರ ನಿಯಂತ್ರಣ ಅಸಾಧ್ಯವೆನ್ನುವವರಿಗೆ ಒಂದು ಮಾತು ನೆನಪಿಸುತ್ತೇವೆ: ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಿನಿಂದ 2022ರ ಆಗಸ್ಟ್ ಕೊನೆಯವರೆಗೆ, ಇದೇ ಸರಕಾರ ವಿಮಾನ ದರಕ್ಕೆ ಕೆಳಮಿತಿ ಮೇಲ್ಮಿತಿಗಳನ್ನು ಹಾಕಿತ್ತು. ಆಕಾಶವೇನೂ ಕಳಚಿ ಬೀಳಲಿಲ್ಲ. ಆದರೆ ಅದೇ 2020ರ ಬೇಸಿಗೆಯಲ್ಲಿ ಲಕ್ಷಾಂತರ ಕೂಲಿಕಾರರು ಹೆದ್ದಾರಿಗಳ ಮೇಲೆ ಮಕ್ಕಳನ್ನು ಹೊತ್ತು ಊರಿಗೆ ನಡೆದುದನ್ನೂ ನಾವು ಮರೆಯಬಾರದು. ನಗರ ಕಟ್ಟಿದವರಿಗೆ ನಗರದಿಂದ ಊರಿಗಿದ್ದ ದೂರವನ್ನು ಹೆಜ್ಜೆಯಿಂದ ಅಳೆಯುವ ಸ್ಥಿತಿ ಬಂದಿತ್ತು.

ದೂರ ತಗ್ಗಿಸುವುದಕ್ಕೆ ಮೂರು ದಾರಿಗಳಿವೆ ಎಂದು ನಮ್ಮ ಭಾವನೆ.

ಮೊದಲನೆಯದು ವೇಗ. ಇದನ್ನು ಹಣವುಳ್ಳವನು ಕೊಳ್ಳುತ್ತಾನೆ. ಸಾರ್ವಜನಿಕ ವ್ಯವಸ್ಥೆಯಿದ್ದರೆ ಮಾತ್ರ ಉಳಿದವರಿಗೂ ಸಿಗುತ್ತದೆ. ಚಿಕ್ಕಪೇಟೆಗೆ ಹೋಗಿ ಬಟ್ಟೆ ತರುವ ನಮ್ಮ ಸಣ್ಣ ವ್ಯಾಪಾರಿಗೆ ವಿಮಾನ ಹದಿನೈದು ಕಿಲೋ ಸಾಮಾನು ಒಯ್ಯಲು ಬಿಡುತ್ತದೆ. ಅವನ ಗಂಟು ಅದಕ್ಕೆ ಹಿಡಿಸೀತೇ? ಅವನಿಗೆ ಬೇಕಾದದ್ದು ರಾತ್ರಿ ಹೊರಟು, ಹಗಲು ಖರೀದಿ ಮಾಡಿ, ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಮುಟ್ಟಿಸುವ ಗಾಡಿ.

ಎರಡನೆಯದು ದಾರಿಯನ್ನು ನೇರ ಮಾಡುವುದು. ಬೆಂಗಳೂರಿನಿಂದ ನಮ್ಮೂರಿಗೆ ರಸ್ತೆಯಲ್ಲಿ ಸುಮಾರು 260 ಕಿಲೋಮೀಟರು, ರೈಲಿನಲ್ಲಿ ಸುಮಾರು 325. ಅರಸೀಕೆರೆಯ ಕಡೆ ಬಳಸುವ ಈ ಸುತ್ತನ್ನು ತಪ್ಪಿಸಲು ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ಹಾದಿ, ಸುಮಾರು 190 ಕಿಲೋಮೀಟರಿನದು, 2011–12ರಲ್ಲಿ ಮಂಜೂರಾಯಿತು. ಹತ್ತು ವರ್ಷ ಕಳೆದ ಮೇಲೂ ಅದರ ಮೇಲೆ ಗಾಡಿ ಓಡಲಿಲ್ಲ. ಭೂಮಿ ಬಿಟ್ಟುಕೊಡುವ ರೈತನಿಗೆ ಸಕಾಲದಲ್ಲಿ ನ್ಯಾಯವಾದ ಪರಿಹಾರ, ಕಾಮಗಾರಿಗೆ ಪ್ರತಿವರ್ಷ ತಪ್ಪದ ಹಣ, ಇವೆರಡೂ ಇದ್ದರೆ ಅದು ಆಗದ ಕೆಲಸವಲ್ಲ. ಆದರೆ ಕೇಳುವವರು ಯಾರು? 1924ರಿಂದ ಪ್ರತ್ಯೇಕವಾಗಿ ಮಂಡಿಸುತ್ತಿದ್ದ ರೈಲ್ವೆ ಬಜೆಟ್ಟನ್ನು 2017ರಲ್ಲಿ ಸಾಮಾನ್ಯ ಬಜೆಟ್ಟಿನಲ್ಲಿ ಸೇರಿಸಿಬಿಟ್ಟರು. ವರ್ಷಕ್ಕೊಮ್ಮೆಯಾದರೂ ಊರೂರುಗಳ ಹಾದಿಯ ಮಾತು ಸಂಸತ್ತಿನಲ್ಲಿ ದಿನಗಟ್ಟಲೆ ನಡೆಯುತ್ತಿದ್ದ ಅವಕಾಶವೂ ಹೋಯಿತು.

ನೇರ ಹಾದಿ ಏನು ಮಾಡಬಲ್ಲದೆಂಬುದಕ್ಕೆ ಕೊಂಕಣ ರೈಲ್ವೆಗಿಂತ ಬೇರೆ ಉದಾಹರಣೆ ಬೇಡ. ಮಂಗಳೂರಿನಿಂದ ಮುಂಬಯಿಗೆ ಒಳನಾಡು ಸುತ್ತಿ ಹೋಗಬೇಕಾಗಿದ್ದ ರೈಲು ಹಾದಿ 2,041 ಕಿಲೋಮೀಟರು, ಕಾಲ 41 ಗಂಟೆ. ಕರಾವಳಿಯ ಗುಡ್ಡ ಕೊರೆದು ಹೊಳೆ ದಾಟಿ ಹಾದಿ ಮಾಡಿದ ಮೇಲೆ 914 ಕಿಲೋಮೀಟರು, 15 ಗಂಟೆ. ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಯ ಕಾರ್ಮಿಕರ ನಡುವೆ ಬೆಳೆದ ಸಮಾಜವಾದಿ ಜಾರ್ಜ್ ಫರ್ನಾಂಡಿಸ್ 1989–90ರಲ್ಲಿ ರೈಲ್ವೆ ಮಂತ್ರಿಯಾಗಿದ್ದಾಗ ಅದಕ್ಕೆ ನಿಗಮ ಸ್ಥಾಪನೆಯಾಯಿತು, 1998ರಲ್ಲಿ ಹಾದಿ ಪೂರ್ಣವಾಯಿತು. ಮುಂಬಯಿಯ ಹೋಟೆಲುಗಳಲ್ಲಿ, ಗಿರಣಿಗಳಲ್ಲಿ ದುಡಿದ ಕರಾವಳಿಯ ಮಕ್ಕಳಿಗೆ ಉಳಿದದ್ದು 26 ಗಂಟೆ. ಯಾವ ವಿಮಾನವೂ ಅಷ್ಟು ಜನಕ್ಕೆ ಅಷ್ಟು ಕಾಲ ಉಳಿಸಿಕೊಟ್ಟಿಲ್ಲ. ಅದಕ್ಕೂ ಮುಂಚೆ ಇನ್ನೊಬ್ಬ ಸಮಾಜವಾದಿ ಮಧು ದಂಡವತೆ, 1977ರ ಸರಕಾರದಲ್ಲಿ ರೈಲ್ವೆ ಮಂತ್ರಿಯಾಗಿ, ಎರಡನೆಯ ದರ್ಜೆಯ ಗಟ್ಟಿ ಹಲಗೆಗೆ ಎರಡು ಅಂಗುಲದ ಮೆತ್ತೆ ಹಾಕಿಸಿದರು. ಮುಂಬಯಿ–ಹೌರಾ ನಡುವೆ ದರ್ಜೆಭೇದವಿಲ್ಲದ ಗೀತಾಂಜಲಿ ಗಾಡಿ ಓಡಿಸಿದರು. ಎರಡು ಅಂಗುಲವೆಂದು ನಗುವವರು ನಗಲಿ. ಮರದ ಹಲಗೆಯ ಮೇಲೆ ಎರಡು ರಾತ್ರಿ ಮಲಗಿದವನಿಗೆ ಆ ಎರಡಂಗುಲದ ಅಳತೆ ಗೊತ್ತು.

ಮೂರನೆಯ ದಾರಿ ಎಲ್ಲಕ್ಕಿಂತ ಉತ್ತಮವಾದುದು: ಹೋಗಬೇಕಾದ ಅಗತ್ಯವನ್ನೇ ತಗ್ಗಿಸುವುದು. 1956ರ ಏಕೀಕರಣಕ್ಕೆ ಮುನ್ನ ಹುಬ್ಬಳ್ಳಿ–ಧಾರವಾಡದವರ ರಾಜಧಾನಿ ಮುಂಬಯಿ. ಅನಂತರ ಬೆಂಗಳೂರಾಯಿತು. ಕೋರ್ಟಿನ ಒಂದು ತಾರೀಖಿಗೆ ಬೀದರಿನವನೂ ಬೆಳಗಾವಿಯವನೂ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗಬೇಕಿತ್ತು. ಜನ ಕೇಳಿದರು, ವಕೀಲರು ಚಳವಳಿ ಹೂಡಿದರು. 2008ರಲ್ಲಿ ಧಾರವಾಡ, ಕಲಬುರಗಿಗಳಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಬಂದವು, 2013ರಲ್ಲಿ ಖಾಯಂ ಆದವು. ಅಂದು ಹುಬ್ಬಳ್ಳಿಯ ಕಕ್ಷಿದಾರನಿಗೆ ಹೈಕೋರ್ಟು ಸಿಟಿ ಬಸ್ಸಿನ ದೂರಕ್ಕೆ ಬಂತು! ವಿಮಾನ ಹಾರಲಿಲ್ಲ, ಹಳಿ ಹಾಸಲಿಲ್ಲ, ಆದರೂ ನಾಲ್ಕುನೂರು ಕಿಲೋಮೀಟರು ಒಂದೇ ದಿನದಲ್ಲಿ ಅಳಿಸಿಹೋಯಿತು. ಇದೇ ಕೆಲಸ ಆಸ್ಪತ್ರೆಯ ವಿಷಯದಲ್ಲಿ ಏಕಾಗಬಾರದು? ಕ್ಯಾನ್ಸರಿಗೆ, ಹೃದಯಕ್ಕೆ, ಮೂತ್ರಪಿಂಡಕ್ಕೆ ಪೂರ್ಣ ಸರಕಾರಿ ಚಿಕಿತ್ಸೆ ಪ್ರತಿ ಜಿಲ್ಲಾ ಕೇಂದ್ರದಲ್ಲಿ ಸಿಕ್ಕರೆ, ಆ ಚೀಲದ ಮೇಲೆ ಕುಳಿತ ತಾಯಿ ರಾತ್ರಿ ಗಾಡಿ ಹತ್ತಬೇಕಾಗಿರಲಿಲ್ಲ.

ದೇಶದಲ್ಲಿ 2023ರಲ್ಲಿ ಒಳನಾಡಿನ ವಿಮಾನ ಪ್ರಯಾಣಗಳು ಸುಮಾರು 15 ಕೋಟಿ. ರೈಲಿನಲ್ಲಿ ಒಂದು ವರ್ಷದ ಪ್ರಯಾಣಗಳು 600 ಕೋಟಿಗೂ ಮೇಲೆ. ಎಲ್ಲಿ ಜನರಿದ್ದಾರೋ ಅಲ್ಲಿ ಹಣ, ಅಲ್ಲಿ ಯೋಚನೆ, ಅಲ್ಲಿ ಮರ್ಯಾದೆ ಹೋಗಬೇಕು. ಹುಬ್ಬಳ್ಳಿ ನಿಲ್ದಾಣದಲ್ಲಿ 2023ರಲ್ಲಿ 1,507 ಮೀಟರಿನ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು, ಜಗತ್ತಿನಲ್ಲಿಯೇ ಉದ್ದವೆಂದು ಹೆಮ್ಮೆಪಟ್ಟರು. ನಮಗೂ ಹೆಮ್ಮೆಯೇ. ಅಷ್ಟುದ್ದದ ಕಟ್ಟೆಯ ಮುಂದೆ ಇನ್ನೆರಡು ಸಾಮಾನ್ಯ ಡಬ್ಬಿ ನಿಲ್ಲಲು ಜಾಗವಿಲ್ಲವೆಂದು ಮಾತ್ರ ಯಾರೂ ಹೇಳದಿರಲಿ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಒಂದು: ಬೆಂಗಳೂರು–ಹುಬ್ಬಳ್ಳಿ ಹಾದಿಯ ಪ್ರತಿ ದೂರದ ಗಾಡಿಗೂ ಸಾಮಾನ್ಯ ಡಬ್ಬಿಗಳನ್ನು ಹೆಚ್ಚಿಸಬೇಕು. ಹವಾನಿಯಂತ್ರಣವಿಲ್ಲದ ಅಮೃತ ಭಾರತ್ ಗಾಡಿಗಳನ್ನು 2023ರ ಕೊನೆಯಲ್ಲಿ ಆರಂಭಿಸಿ, ಬಡವರ ಗಾಡಿಯೂ ವೇಗವಾಗಿ ಓಡಬಹುದೆಂದು ಸರಕಾರವೇ ತೋರಿಸಿದೆ. ಅಂಥದೊಂದು ಗಾಡಿ ಈ ಹಾದಿಯಲ್ಲಿ ಪ್ರತಿದಿನ ಓಡಲಿ. ಎರಡು: ತುಮಕೂರು–ದಾವಣಗೆರೆ ನೇರ ಹಾದಿಗೆ ಮುಗಿಸುವ ತಾರೀಖು ಹೇಳಿ, ಆ ತಾರೀಖಿಗೆ ಸಂಬಂಧಪಟ್ಟವರು ಜವಾಬ್ದಾರರಾಗಬೇಕು. ಮೂರು: ವಿಮಾನ ದರಕ್ಕೆ ಮೇಲ್ಮಿತಿ ಬೇಕು, ಉಡಾನ್ ಹಾದಿಗಳಿಗೆ ಕೊಟ್ಟ ಹಣದ ಲೆಕ್ಕ ಹಾದಿವಾರು ಪ್ರಕಟವಾಗಬೇಕು. ನಾಲ್ಕು: ದೊಡ್ಡ ಕಾಯಿಲೆಗಳ ಚಿಕಿತ್ಸೆ, ಕಾರ್ಮಿಕರ ಕಚೇರಿಗಳು ಜಿಲ್ಲೆಗಳಿಗೆ ಬರಬೇಕು.

ಈ ವಾರ ಓದುಗರಲ್ಲಿ ನಮ್ಮದೊಂದು ಕೋರಿಕೆ. ಗಿರಣಿಯ ಬಾಗಿಲಲ್ಲಿ, ಅಂಗಡಿಯ ಕಟ್ಟೆಯಲ್ಲಿ ಮಾತಿಗೆ ಕುಳಿತಾಗ, ಕಳೆದ ಒಂದು ವರ್ಷದಲ್ಲಿ ನಿಮ್ಮ ಮನೆಯವರು ಬೆಂಗಳೂರಿಗೆ ಎಷ್ಟು ಸಲ ಹೋದಿರಿ, ಏಕೆ ಹೋದಿರಿ, ಕುಳಿತು ಹೋದಿರೋ ನಿಂತು ಹೋದಿರೋ, ಎಷ್ಟು ದಿನದ ಪಗಾರ ಹೋಯಿತು ಎಂದು ಒಂದು ಚೀಟಿಯಲ್ಲಿ ಬರೆದು ನಮ್ಮ ಕಚೇರಿಗೆ ಮುಟ್ಟಿಸಿ. ಆ ಚೀಟಿಗಳ ಕಟ್ಟನ್ನು ನಮ್ಮ ಸಂಸತ್ ಸದಸ್ಯರ ಮುಂದೆಯೂ ರೈಲ್ವೆ ಅಧಿಕಾರಿಗಳ ಮುಂದೆಯೂ ಇಡುತ್ತೇವೆ. ಎರಡು ನಗರಗಳ ನಡುವಿನ ನಿಜವಾದ ದೂರ ಅದರಲ್ಲಿರುತ್ತದೆ. ಆಗ ಯಾರಾದರೂ ಎದ್ದು ನಿಂತು, ಹುಬ್ಬಳ್ಳಿ ಬೆಂಗಳೂರಿಗೆ ಒಂದೇ ಗಂಟೆಯ ದೂರ ಎಂದರೆ, ಯಾರಿಗೆ ಸ್ವಾಮಿ ಎಂದು ಕೇಳುವುದಕ್ಕೆ ನಮ್ಮ ಕೈಯಲ್ಲಿ ಲೆಕ್ಕವಿರುತ್ತದೆ.